ಮುಂಬಯಿಯಲ್ಲಿ ಹಳೆ ಡಿಎಸ್‌ಎಲ್‌ಆರ್ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಲ್ಲೋ ಮಾಟುಂಗಾದಲ್ಲೋ ಕನ್ನಡದ ಒಂದು ಕಾರ್ಯಕ್ರಮ ಇದ್ದರೆ ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಊಟದ ಸಾಲಿನಲ್ಲಿ ಯಾರಾದರೂ ಹಿಡಿದೇ ಹಿಡಿಯುತ್ತಾರೆ. "ಎಷ್ಟಕ್ಕೆ ತಗೊಂಡ್ರಿ ಮಾರಾಯ್ರೆ? ನಮ್ಮ ಹುಡುಗನಿಗೂ ಒಂದು ಹಳೆಯದು ನೋಡಿ ಹೇಳಿ." ತಟ್ಟೆ ಕೈಯಲ್ಲಿ ಹಿಡಿದು ಎಷ್ಟು ಅಂತ ಹೇಳುವುದು? ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಅಂಗಡಿಯವನಲ್ಲ, ರಿಪೇರಿಯವನೂ ಅಲ್ಲ. ಹನ್ನೆರಡು ವರ್ಷದಲ್ಲಿ ನಾಲ್ಕು ಹಳೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಏಳೆಂಟು ಹಳೆ ಲೆನ್ಸ್ ಕೊಂಡು, ಎರಡು ಸಲ ಚೆನ್ನಾಗಿ ಕೈ ಸುಟ್ಟುಕೊಂಡವನು, ಅಷ್ಟೇ.

ಈಗ ಎಲ್ಲರೂ ಮಿರರ್‌ಲೆಸ್ ಅನ್ನುತ್ತಾರೆ. ಹಳೆ ಡಿಎಸ್‌ಎಲ್‌ಆರ್ ತಗೊಳ್ಳುವುದು ದಡ್ಡತನ ಅಲ್ವಾ?

ಅಲ್ಲ. ಡಿಎಸ್‌ಎಲ್‌ಆರ್ ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಡಿಜಿಟಲ್ ಕ್ಯಾಮೆರಾ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ. ಎಲ್ಲರೂ ಆ ಕಡೆ ಓಡುತ್ತಿರುವುದರಿಂದಲೇ ಈ ಕಡೆ ಬೆಲೆ ಬಿದ್ದಿದೆ. 2018ರಲ್ಲಿ ನಿಕಾನ್ ಮಿರರ್‌ಲೆಸ್‌ನ ಝಡ್ ಸರಣಿ ತಂದಿತು, ಅದೇ ವರ್ಷ ಕ್ಯಾನನ್ ಆರ್ ಸರಣಿ ತಂದಿತು. 2020ರಲ್ಲಿ ಬಂದ ಕ್ಯಾನನ್ 1ಡಿಎಕ್ಸ್ ಮಾರ್ಕ್ 3 ಮತ್ತು ನಿಕಾನ್ ಡಿ6 ಆದ ಮೇಲೆ ಎರಡೂ ಕಂಪನಿಯವರು ದೊಡ್ಡ ಡಿಎಸ್‌ಎಲ್‌ಆರ್ ಮಾಡಿಲ್ಲ. ಮದುವೆ ಫೋಟೋಗ್ರಾಫರುಗಳು ಸಾಲಾಗಿ ಬದಲಾಯಿಸಿದರು. ಅವರು ಬಿಟ್ಟ ಮಾಲು ಈಗ ನಮ್ಮ ಕೈಗೆ ಸಿಗುತ್ತಿದೆ. ಹೊಸ ಲೆನ್ಸ್‌ಗಳು ಇನ್ನು ಬರುವುದಿಲ್ಲ, ಅದು ನಿಜ. ಆದರೆ ನಿಕಾನ್‌ನ ಎಫ್ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಜಾಗ) 1959ರದ್ದು, ಕ್ಯಾನನ್‌ನ ಇಎಫ್ 1987ರದ್ದು. ಅಷ್ಟು ವರ್ಷದ ಲೆನ್ಸ್ ಮಾರ್ಕೆಟ್‌ನಲ್ಲಿ ರಾಶಿ ಬಿದ್ದಿದೆ. ಹೊಸದು ಬಾರದಿದ್ದರೆ ನಮಗೇನು?

ಫೋನಿನಲ್ಲೇ ಚೆನ್ನಾಗಿ ಬರುತ್ತದಲ್ಲ?

ಬರುತ್ತದೆ. ಅಡುಗೆ, ಮಕ್ಕಳು, ಮರೈನ್ ಡ್ರೈವ್ ಸೂರ್ಯಾಸ್ತ ಇಷ್ಟೇ ಆದರೆ ಫೋನೇ ಸಾಕು, ಸುಮ್ನೆ ಹಣ ಹಾಕಬೇಡಿ. ಕತ್ತಲೆ ಹಾಲ್‌ನಲ್ಲಿ ಹತ್ತನೇ ಸಾಲಿನಿಂದ ಯಕ್ಷಗಾನದ ಬಣ್ಣ, ವೇಷದ ಕಣ್ಣು ಬೇಕು ಅಂದರೆ ಮಾತ್ರ ಮುಂದೆ ಓದಿ.

ಯಾವ ಮಾಡೆಲ್ ತಗೊಳ್ಳಲಿ?

ಇದಕ್ಕೆ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ನನಗೆ ಇಷ್ಟವಾದದ್ದು ಹೇಳುತ್ತೇನೆ.

ನಿಕಾನ್‌ನಲ್ಲಿ ಡಿ7000. 2010ರದ್ದು, 16 ಮೆಗಾಪಿಕ್ಸೆಲ್. ಅದರ ದೊಡ್ಡ ಗುಣ ಏನೆಂದರೆ ಬಾಡಿಯ ಒಳಗೇ ಫೋಕಸ್ ಮೋಟರ್ ಇದೆ. ನಿಕಾನ್‌ನ ಹಳೆ ಎಎಫ್-ಡಿ ಲೆನ್ಸ್‌ಗಳಲ್ಲಿ ಮೋಟರ್ ಇರುವುದಿಲ್ಲ, ಬಾಡಿಯೇ ತಿರುಗಿಸಬೇಕು. ಡಿ3100, ಡಿ3200, ಡಿ5100, ಡಿ5300 ಈ ಸರಣಿಗಳಲ್ಲಿ ಮೋಟರ್ ಇಲ್ಲ. ಹಾಗಾಗಿ "50 ಎಂಎಂ ಸಸ್ತಾದಲ್ಲಿ ಸಿಕ್ಕಿತು" ಅಂತ ಎಎಫ್-ಡಿ ಲೆನ್ಸ್ ತಂದು ಡಿ3200ಕ್ಕೆ ಹಾಕಿದರೆ ಕೈಯಲ್ಲಿ ಫೋಕಸ್ ಮಾಡುತ್ತಾ ಕೂರಬೇಕು. ನನ್ನ ಭಾವ ಇದನ್ನೇ ಮಾಡಿದರು. ಇನ್ನೊಂದು ತಿರುಗುಮುರುಗು: ಡಿ90ರಲ್ಲಿ ಮೋಟರ್ ಇದೆ, ಆದರೆ ಹೊಸ ಎಎಫ್-ಪಿ ಕಿಟ್ ಲೆನ್ಸ್ (ಹೊಸ ಬಾಡಿಯ ಜೊತೆಗೇ ಕೊಡುವ ಲೆನ್ಸ್) ಅದರಲ್ಲಿ ಫೋಕಸ್ಸೇ ಆಗುವುದಿಲ್ಲ. ಲೆನ್ಸ್ ಮೇಲೆ ಬರೆದಿರುವ ಆ ಎರಡು ಮೂರು ಅಕ್ಷರ ಓದದೆ ದುಡ್ಡು ಕೊಡಬೇಡಿ.

ಕ್ಯಾನನ್‌ನಲ್ಲಿ ಈ ತಲೆನೋವು ಕಡಿಮೆ. ಇಎಫ್ ಲೆನ್ಸ್ ಎಲ್ಲ ಡಿಎಸ್‌ಎಲ್‌ಆರ್‌ಗೂ ಕೂರುತ್ತದೆ. ಇಎಫ್-ಎಸ್ ಮಾತ್ರ ಸಣ್ಣ ಸೆನ್ಸರಿನ (ಸೆನ್ಸರ್ ಅಂದರೆ ಚಿತ್ರ ಹಿಡಿಯುವ ಚಿಪ್) ಬಾಡಿಗಳಿಗೆ, 5ಡಿ ಅಥವಾ 6ಡಿ ತರಹದ ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ಗೆ ಕೂರುವುದಿಲ್ಲ. 2010ರ 60ಡಿ, 2013ರ 70ಡಿ ಎರಡೂ ಗಟ್ಟಿ ಮಾಲು. ನನ್ನನ್ನು ಕೇಳಿದರೆ 70ಡಿ. 60ಡಿಯಲ್ಲಿ ಲೆನ್ಸ್‌ನ ಫೋಕಸ್ ಸ್ವಲ್ಪ ಹಿಂದೆ ಮುಂದೆ ಆದರೆ ಸರಿ ಮಾಡಿಕೊಳ್ಳುವ ಸೆಟ್ಟಿಂಗ್ ಇಲ್ಲ, 70ಡಿಯಲ್ಲಿ ಇದೆ. 1200ಡಿ, 1300ಡಿ ಕಲಿಯುವವರಿಗೆ ಸಾಕು, ಹಗುರ, ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಹೆಗಲು ನೋಯುವುದಿಲ್ಲ.

ಎರಡು ಮಾಡೆಲ್‌ಗಳ ಹಳೆ ಕತೆ ಗೊತ್ತಿರಲಿ. 2012ರ ನಿಕಾನ್ ಡಿ600ರಲ್ಲಿ ಸೆನ್ಸರ್ ಮೇಲೆ ಎಣ್ಣೆ, ಧೂಳಿನ ಚುಕ್ಕೆ ಬೀಳುತ್ತಿತ್ತು. ಮರುವರ್ಷವೇ ಡಿ610 ಬಂತು. 2014ರಲ್ಲಿ ಕಂಪನಿಯವರು ವಾರಂಟಿ ಮುಗಿದಿದ್ದರೂ ಪುಕ್ಕಟೆ ಸರಿ ಮಾಡಿಕೊಡುತ್ತೇವೆ ಅಂದರು. ಆಗ ಶಟರ್ (ಫೋಟೋ ಹೊಡೆದಾಗ ತೆರೆದು ಮುಚ್ಚುವ ಬಾಗಿಲು) ಬದಲಾಯಿಸಿದ ಡಿ600 ಸಿಕ್ಕಿದರೆ ಒಳ್ಳೆಯದೇ, ಮಾರುವವರನ್ನು ಕೇಳಿ ನೋಡಿ. ಇನ್ನೊಂದು 2005ರ ಮೊದಲ ಕ್ಯಾನನ್ 5ಡಿ, ಅದರಲ್ಲಿ ಒಳಗಿನ ಕನ್ನಡಿಯೇ ಕಳಚಿ ಬೀಳುವ ರೋಗ ಇತ್ತು. ಬಣ್ಣ ಚೆಂದ ಬರುತ್ತದೆ ಅಂತ ಹುಡುಕುವವರು ಈಗಲೂ ಇದ್ದಾರೆ. ನಾನಂತೂ ಬೇಡ ಅನ್ನುತ್ತೇನೆ.

ಇರುವ ಹಣದಲ್ಲಿ ಬಾಡಿಗೆ ಎಷ್ಟು, ಲೆನ್ಸಿಗೆ ಎಷ್ಟು?

(ಬಾಡಿಗೆ ಅಂದರೆ ಮನೆ ಬಾಡಿಗೆ ಅಲ್ಲ. ಮುಂಬಯಿಯಲ್ಲಿ ಆ ಲೆಕ್ಕಕ್ಕೆ ಕೂತರೆ ಕ್ಯಾಮೆರಾ ಮರೆತೇಬಿಡಬೇಕು.)

ಅರ್ಧಕ್ಕಿಂತ ಜಾಸ್ತಿ ಲೆನ್ಸಿಗೆ ಇಡಿ. ನಾನು ಇದನ್ನು ಕಲಿತದ್ದು ಮಾಟುಂಗಾದ ಒಂದು ಹಾಲ್‌ನಲ್ಲಿ. ಯಕ್ಷಗಾನ, ಮಹಿಷಾಸುರನ ಪ್ರವೇಶ. ಚಂಡೆ ಏರಿತು, ದೀವಟಿಗೆಯ ಪುಡಿ ಭುಗ್ ಅಂತ ಎದ್ದಿತು, ಕೊಂಬು ತೂಗಿಸಿಕೊಂಡು ವೇಷ ಪ್ರೇಕ್ಷಕರ ನಡುವಿನಿಂದಲೇ ಬಂತು. ನಾನು ಕಿಟ್ ಲೆನ್ಸ್‌ನಲ್ಲಿ ಅರವತ್ತು ಫೋಟೋ ಹೊಡೆದೆ. ಮನೆಗೆ ಹೋಗಿ ನೋಡಿದರೆ ಅರವತ್ತರಲ್ಲೂ ಕೆಂಪು ಮಸಿಯ ಉಂಡೆ. ಒಂದರಲ್ಲೂ ಕಣ್ಣಿಲ್ಲ.

ಲೆಕ್ಕ ಸರಳ. 18-55 ಕಿಟ್ ಲೆನ್ಸ್ ಅನ್ನು ಪೂರ್ತಿ ಜೂಮ್ ಮಾಡಿದರೆ ಅದರ ಬಾಯಿ ಎಫ್ 5.6ಕ್ಕಿಂತ ಅಗಲ ಆಗುವುದಿಲ್ಲ (ಎಫ್ ಅಂಕಿ ಸಣ್ಣದಾದಷ್ಟೂ ಬಾಯಿ ಅಗಲ). ಎಫ್ 1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸೆಕೆಂಡಿನ ಮೂವತ್ತನೇ ಒಂದು ಭಾಗದಲ್ಲಿ ಹೊಡೆಯಬೇಕಾದದ್ದನ್ನು ಇನ್ನೂರೈವತ್ತನೇ ಒಂದು ಭಾಗದಲ್ಲಿ ಹೊಡೆಯಬಹುದು. ಗಿರಗಿರ ಸುತ್ತಿ ಧೀಂಗಿಣ ಹಾಕುವ ಪುಂಡುವೇಷವೂ ಆಗ ಮಟ್ಟಸ ನಿಲ್ಲುತ್ತದೆ. ಕ್ಯಾನನ್‌ಗೆ 2015ರಲ್ಲಿ ಬಂದ 50 ಎಂಎಂ ಎಸ್‌ಟಿಎಂ, ನಿಕಾನ್‌ನ ಸಣ್ಣ ಬಾಡಿಗಳಿಗೆ 35 ಎಂಎಂ ಎಫ್ 1.8ಜಿ ಅಥವಾ 50 ಎಂಎಂ 1.8ಜಿ, ಇವು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಜೂಮ್ ಇರುವುದಿಲ್ಲ. ಮುಂದಿನ ಸಾಲಿಗೆ ಹೋಗಿ ನೆಲದ ಮೇಲೆ ಕೂರಬೇಕು, ಹಿಂದಿನವರ ಬೈಗುಳ ಕೇಳಬೇಕು.

ಎಲ್ಲಿ ಕೊಳ್ಳಬೇಕು?

ಫೋರ್ಟ್‌ನ ಬೋರಾ ಬಜಾರ್. ಸಿಎಸ್‌ಎಂಟಿ ಸ್ಟೇಷನ್‌ನಲ್ಲಿ ಇಳಿದರೆ (ನಮ್ಮ ಹಿರಿಯರಿಗೆ ಇನ್ನೂ ವಿ.ಟಿ.ಯೇ) ನಡೆದೇ ಹೋಗಬಹುದು. ಹೊಸದು, ಹಳೆಯದು, ರಿಪೇರಿ, ಬ್ಯಾಗು, ಬೆಲ್ಟು ಎಲ್ಲ ಆ ಗಲ್ಲಿಗಳಲ್ಲೇ. ವಾರದ ದಿನ ಮಧ್ಯಾಹ್ನ ಊಟದ ಮುಂಚೆ ಹೋಗಿ, ಭಾನುವಾರ ಹೋಗಿ ಬೀಗ ನೋಡಿಕೊಂಡು ಬರಬೇಡಿ. ಮೊದಲ ದಿನ ಹಣ ತಗೊಂಡು ಹೋಗಲೇಬೇಡಿ. ಮೂರು ನಾಲ್ಕು ಅಂಗಡಿಯಲ್ಲಿ ಅದೇ ಮಾಡೆಲ್ ಕೇಳಿ, ಕೈಯಲ್ಲಿ ಹಿಡಿದು ನೋಡಿ, "ಲಾಸ್ಟ್ ಕಿತ್ನಾ?" ಅಂತ ಕೇಳಿ ಹೊರಗೆ ಬನ್ನಿ. ಎರಡನೇ ಸಲ ಹೋದಾಗ ಬೆಲೆ ತಾನೇ ಇಳಿಯುತ್ತದೆ.

ಅಂಗಡಿಯಲ್ಲಿ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ. ಬದಲಿಗೆ ಒಂದು ಚೀಟಿಯಾದರೂ ಸಿಗುತ್ತದೆ. ಅದರಲ್ಲಿ ಬಾಡಿಯ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಎಷ್ಟು ದಿನದ ಒಳಗೆ ಹಿಂದಿರುಗಿಸಬಹುದು ಎಂದೂ ಬರೆಸಿಕೊಳ್ಳಿ. ಬಾಯಿ ಮಾತಿನ "ಏನೂ ಆಗಲ್ಲ ಸಾರ್" ನಂಬಿ ನಾನು ಒಂದು ಲೆನ್ಸ್ ಕಳೆದುಕೊಂಡಿದ್ದೇನೆ.

ಚೋರ್ ಬಜಾರ್ ಬಗ್ಗೆಯೂ ಕೇಳುತ್ತಾರೆ. ರೀಲ್ ಕಾಲದ ಕ್ಯಾಮೆರಾ ಶೋಕೇಸಿಗೆ ಬೇಕಾದರೆ ಹೋಗಿ, ಮಜಾ ಇರುತ್ತದೆ. ಡಿಜಿಟಲ್ ಬಾಡಿ ಅಲ್ಲಿ ತಗೊಳ್ಳಬೇಡಿ. ಯಾರದ್ದೋ ಕಳುವಾದ ಮಾಲು ನಿಮ್ಮ ಕೈಯಲ್ಲಿ ಸಿಕ್ಕಿದರೆ ಪೊಲೀಸರಿಗೆ ಉತ್ತರ ಹೇಳಬೇಕಾದವರು ನೀವು.

ಶಟರ್ ಕೌಂಟ್ ಅಂದರೇನು? ಎಷ್ಟಿದ್ದರೆ ಸರಿ?

ಆ ಕ್ಯಾಮೆರಾ ಇಲ್ಲಿಯವರೆಗೆ ಎಷ್ಟು ಫೋಟೋ ಹೊಡೆದಿದೆ ಎಂಬ ಲೆಕ್ಕ. ಬೈಕಿನ ಕಿಲೋಮೀಟರ್ ಇದ್ದ ಹಾಗೆ. ಡಿ90, 60ಡಿ ಇವುಗಳ ಶಟರ್ ಒಂದು ಲಕ್ಷಕ್ಕೆ, ಡಿ7000 ಮತ್ತು 5ಡಿ ಮಾರ್ಕ್ 2 ಒಂದೂವರೆ ಲಕ್ಷಕ್ಕೆ ಎಂದು ಕಂಪನಿಯವರೇ ಹೇಳಿದ್ದು. ಅದು ದಾಟಿದ ಕೂಡಲೇ ಸಾಯುತ್ತದೆ ಅಂತಲ್ಲ, ಮುಂಚೆ ಸಾಯುವುದಿಲ್ಲ ಅಂತಲೂ ಅಲ್ಲ.

ನಿಕಾನ್‌ನಲ್ಲಿ ನೋಡುವುದು ಸುಲಭ. ಅಲ್ಲೇ ಒಂದು ಫೋಟೋ ಹೊಡೆದು, ಏನೂ ಎಡಿಟ್ ಮಾಡದೆ, ಶಟರ್ ಕೌಂಟ್ ತೋರಿಸುವ ಯಾವುದಾದರೂ ಸೈಟಿಗೆ ಫೋನಿನಿಂದ ಹಾಕಿದರೆ ಸಂಖ್ಯೆ ಬರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಆ ಮಾಹಿತಿ ಉಳಿದಿರುವುದಿಲ್ಲ. ಕ್ಯಾನನ್‌ನ ಹೆಚ್ಚಿನ ಮಾಡೆಲ್‌ಗಳಲ್ಲಿ ಫೋಟೋ ಫೈಲಿನಲ್ಲಿ ಇದು ಇರುವುದೇ ಇಲ್ಲ. ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ನೋಡಬೇಕು. "ಫೈಲ್ ನಂಬರ್ 2300 ಇದೆ ನೋಡಿ, ಬರೀ 2300 ಫೋಟೋ" ಅಂತ ಮಾರುವವರು ತೋರಿಸುತ್ತಾರಲ್ಲ, ಆ ನಂಬರ್ 9999 ಆದ ಮೇಲೆ ಮತ್ತೆ 1ರಿಂದ ಶುರುವಾಗುತ್ತದೆ, ಬೇಕೆಂದಾಗ ಸೊನ್ನೆ ಮಾಡಲೂಬಹುದು. ಅದಕ್ಕೆ ಬೆಲೆ ಇಲ್ಲ.

ಆದರೆ ಮುಂಬಯಿಯಲ್ಲಿ ನಾನು ಶಟರ್ ಎಣಿಸುವ ಮುಂಚೆ ಮಳೆಗಾಲ ಎಣಿಸುತ್ತೇನೆ. ಅದು ಮುಂದೆ ಬರುತ್ತದೆ.

ಕೈಯಲ್ಲಿ ಹಿಡಿದಾಗ ಏನೇನು ನೋಡಬೇಕು?

ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಒಂದು ಸಣ್ಣ ಟಾರ್ಚ್ ಜೇಬಿನಲ್ಲಿರಲಿ. ಮೊದಲು ಲೆನ್ಸ್ ಬಿಚ್ಚಿ ಮೌಂಟಿನ ಸ್ಕ್ರೂಗಳನ್ನು ನೋಡಿ. ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬ್ಯಾಟರಿ ಗೂಡಿನಲ್ಲಿ, ಫ್ಲಾಶ್ ಕೂರಿಸುವ ಹಾಟ್ ಶೂನಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಇದ್ದರೆ ಅದು ನೀರು ಕುಡಿದ ಕ್ಯಾಮೆರಾ, ವಾಪಸ್ ಕೊಟ್ಟುಬಿಡಿ.

ಆಮೇಲೆ ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯದ್ದೋ ಆಕಾಶದ್ದೋ ಒಂದು ಫೋಟೋ. ಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ಧೂಳು, ಹೆದರಬೇಡಿ, ಹೋಗುತ್ತದೆ. ಗೀಟು ಕಂಡರೆ ಹೆದರಿ. ಲೆನ್ಸ್ ಮುಚ್ಚಿ ಹತ್ತು ಸೆಕೆಂಡಿನ ಒಂದು ಫೋಟೋ, ಅದರಲ್ಲಿ ಕೆಂಪು ನೀಲಿ ಚುಕ್ಕೆ ಹತ್ತಿಪ್ಪತ್ತು ಇದ್ದರೆ ಪರವಾಗಿಲ್ಲ. ಎಲ್ಲ ಬಟನ್ ಒತ್ತಿ, ಎಲ್ಲ ಚಕ್ರ ತಿರುಗಿಸಿ. ಒಂದು ಹೆಜ್ಜೆ ತಿರುಗಿಸಿದರೆ ಎರಡು ಹೆಜ್ಜೆ ಹಾರುವ ಚಕ್ರ ಹಳೆ ಬಾಡಿಗಳಲ್ಲಿ ಮಾಮೂಲು. ಡಿ90, ಡಿ7000ದ ಹೆಬ್ಬೆರಳಿನ ಹತ್ತಿರದ ರಬ್ಬರ್ ಉಬ್ಬಿ ಏಳುತ್ತದೆ. ಅದು ದೋಷವಲ್ಲ, ಚೌಕಾಸಿಗೆ ಸಿಕ್ಕ ಅವಕಾಶ. ಹೊಸ ರಬ್ಬರ್ ಅದೇ ಗಲ್ಲಿಯಲ್ಲಿ ಸಿಗುತ್ತದೆ.

ಹಳೆ ನಿಕಾನ್ ಲೆನ್ಸ್ ಹಾಕಿದಾಗ ಡಿಸ್‌ಪ್ಲೇಯಲ್ಲಿ ಎಫ್‌ಇಇ ಅಂತ ಮಿನುಗಿದರೆ ಕ್ಯಾಮೆರಾ ಕೆಟ್ಟಿಲ್ಲ. ಲೆನ್ಸಿನ ಅಪರ್ಚರ್ ಉಂಗುರವನ್ನು (ಬಾಯಿಯ ಅಗಲ ಹೆಚ್ಚು ಕಡಿಮೆ ಮಾಡುವ ಉಂಗುರ) 16 ಅಥವಾ 22ಕ್ಕೆ, ಅಂದರೆ ಎಲ್ಲಕ್ಕಿಂತ ದೊಡ್ಡ ಅಂಕಿಗೆ ತಿರುಗಿಸಿ ಲಾಕ್ ಮಾಡಿದರೆ ಹೋಗುತ್ತದೆ. ಇದು ಗೊತ್ತಿಲ್ಲದೆ "ಕೆಟ್ಟಿದೆ" ಅಂತ ಅರ್ಧ ಬೆಲೆಗೆ ಮಾರುವವರೂ ಇದ್ದಾರೆ, ಸಿಕ್ಕಿದರೆ ಬಿಡಬೇಡಿ.

ಲೆನ್ಸಿನಲ್ಲಿ ಫಂಗಸ್ ಇದೆಯಾ ಅಂತ ಗೊತ್ತಾಗುವುದು ಹೇಗೆ?

ಇದಕ್ಕೇ ಮಳೆಗಾಲ ಎಣಿಸಬೇಕು ಅಂದದ್ದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬಯಿಯಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಕಪಾಟಿನ ಚಪ್ಪಲಿ, ಬೆಲ್ಟಿಗೆ ಬೂಸ್ಟು ಹಿಡಿಯುತ್ತದಲ್ಲ, ಅದೇ ಬೂಸ್ಟು ಲೆನ್ಸಿನ ಗಾಜಿಗೂ ಹಿಡಿಯುತ್ತದೆ. ಹತ್ತು ವರ್ಷದ ಲೆನ್ಸ್ ಬೀರುವಿನಲ್ಲಿ ಬಟ್ಟೆಯ ನಡುವೆ ಹತ್ತು ಮಳೆಗಾಲ ಮಲಗಿದ್ದರೆ, ಅದರಲ್ಲಿ ಹೊಡೆದ ಫೋಟೋ ಬರೀ ಐನೂರು ಆಗಿದ್ದರೂ ಏನು ಪ್ರಯೋಜನ? ದಿನಾ ಕೆಲಸ ಮಾಡಿದ, ಗೀಚಿದ, ಬಣ್ಣ ಹೋದ ಲೆನ್ಸ್ ಎಷ್ಟೋ ಸಲ ಒಳಗೆ ಸ್ವಚ್ಛ ಇರುತ್ತದೆ.

ಠಾಣೆಯ ಒಂದು ಸೊಸೈಟಿಯ ಲಾಬಿಯಲ್ಲಿ ನಾನು ಒಂದು 70-300 ಲೆನ್ಸ್ ನೋಡಲು ಹೋಗಿದ್ದೆ. ಪೆಟ್ಟಿಗೆ, ಬಿಲ್ಲು, ಥರ್ಮಕೋಲು, ಪ್ಲಾಸ್ಟಿಕ್ ಹೊದಿಕೆ ಎಲ್ಲ ಹಾಗೇ ಇತ್ತು. "ಎರಡೇ ಸಲ ಬಳಸಿದ್ದು, ಮಗಳ ಮದುವೆಗೆ ತಗೊಂಡದ್ದು" ಅಂದರು ಆ ಅಜ್ಜ, ಅವರು ಸುಳ್ಳು ಹೇಳುತ್ತಿರಲಿಲ್ಲ. ಲಾಬಿಯ ಟ್ಯೂಬ್‌ಲೈಟಿಗೆ ಹಿಡಿದರೆ ಗಾಜು ಫಳಫಳ. ನಿಕಾನ್ ಜಿ ಲೆನ್ಸ್ ಬಾಡಿಯಿಂದ ಬಿಚ್ಚಿದಾಗ ಅದರ ಪರದೆ ಮುಚ್ಚಿಕೊಂಡಿರುತ್ತದೆ, ಹಿಂದಿನ ಸಣ್ಣ ಕಡ್ಡಿಯನ್ನು ಉಗುರಿನಿಂದ ತಳ್ಳಿ ಹಿಡಿದರೇ ತೆರೆಯುವುದು. ಹಾಗೆ ತೆರೆದು, ಒಂದು ಕಡೆಯಿಂದ ಟಾರ್ಚ್ ಓರೆಯಾಗಿ ಬಿಟ್ಟು, ಇನ್ನೊಂದು ಕಡೆಯಿಂದ ಕಣ್ಣಿಟ್ಟೆ. ಅಂಚಿನಿಂದ ಒಳಕ್ಕೆ ಜೇಡರ ಬಲೆಯ ಹಾಗೆ, ಕವಲು ಕವಲಾಗಿ, ಬಿಳಿ ಬೇರು ಇಳಿದಿತ್ತು. ಅಜ್ಜನಿಗೂ ತೋರಿಸಿದೆ. ಪಾಪ, ಚಹಾ ಕೊಟ್ಟು ಕಳಿಸಿದರು.

ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಫೋಟೋದಲ್ಲಿ ಕಾಣುವುದೇ ಇಲ್ಲ, ಬೆಲೆ ಇಳಿಸಿಕೊಂಡು ತಗೊಳ್ಳಬಹುದು. ನಡುವಿನಲ್ಲಿ ಇದ್ದರೆ, ಮಂಜು ಮುಸುಕಿದಂತೆ ಇದ್ದರೆ ಬೇಡ. ಬಿಚ್ಚಿ ತೊಳೆಯುವವರು ಇದ್ದಾರೆ, ಆದರೆ ಫಂಗಸ್ ಗಾಜಿನ ಮೇಲಿನ ಲೇಪವನ್ನು ತಿಂದುಬಿಟ್ಟಿದ್ದರೆ ತೊಳೆದ ಮೇಲೂ ಕಲೆ ಉಳಿಯುತ್ತದೆ. ಸಣ್ಣ ಧೂಳಿನ ಕಣ ಎಲ್ಲ ಲೆನ್ಸಿನಲ್ಲೂ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬ್ಯಾಟರಿ, ಚಾರ್ಜರ್ ಸಿಗುತ್ತದಾ?

ಸಿಗುತ್ತದೆ. ಕೊಳ್ಳುವ ಮುಂಚೆ ನಂಬರ್ ನೋಡಿಕೊಳ್ಳಿ. 60ಡಿ, 70ಡಿ, 6ಡಿ, 5ಡಿ ಮಾರ್ಕ್ 2 ಎಲ್ಲಕ್ಕೂ ಎಲ್‌ಪಿ-ಇ6 ಒಂದೇ. 1200ಡಿ, 1300ಡಿಗೆ ಇ10. 600ಡಿ, 700ಡಿಗೆ ಇ8. ನಿಕಾನ್ ಡಿ7000ಕ್ಕೆ ಇಎನ್-ಇಎಲ್15, ಡಿ3200, ಡಿ5100ಕ್ಕೆ ಇಎಲ್14, ಡಿ90ಕ್ಕೆ ಇಎಲ್3ಇ. ಬೇರೆ ಕಂಪನಿಯ ಅಗ್ಗದ ಬ್ಯಾಟರಿ ನಾನೂ ಬಳಸುತ್ತೇನೆ, ಆದರೆ ಅದನ್ನು ಬಾಡಿಯಲ್ಲೇ ಬಿಟ್ಟು ಊರಿಗೆ ಹೋಗುವುದಿಲ್ಲ. ಒಮ್ಮೆ ಗಣಪತಿ ಹಬ್ಬಕ್ಕೆ ಹೋಗಿ ಬರುವಷ್ಟರಲ್ಲಿ ಉಬ್ಬಿ ಗೂಡಿನಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಹಳೆ ಕ್ಯಾಮೆರಾಗೆ ದೊಡ್ಡ ಕಾರ್ಡ್ ಹಾಕಬಹುದಾ?

ಡಿ90ರ ಕಾಲದವು ಎಸ್‌ಡಿಎಚ್‌ಸಿ ತನಕ, ಅಂದರೆ 32 ಜಿಬಿ ಮಾತ್ರ. ಹೇಗೂ 16 ಜಿಬಿ ಸಾಕಾಗುತ್ತದೆ. 5ಡಿ ಮಾರ್ಕ್ 2, 7ಡಿ, ಡಿ300 ಇವುಗಳಿಗೆ ದಪ್ಪನೆ ಸಿಎಫ್ ಕಾರ್ಡ್. ಆ ಗೂಡಿನೊಳಗೆ ಟಾರ್ಚ್ ಬಿಟ್ಟು ಸೂಜಿಗಳು ನೆಟ್ಟಗಿವೆಯಾ ನೋಡಿ, ಒಂದು ಬಗ್ಗಿದ್ದರೂ ರಿಪೇರಿ ಖರ್ಚು ಬಾಡಿಯ ಬೆಲೆಗೆ ಬಂದು ನಿಲ್ಲುತ್ತದೆ.

ಅಪ್ಪನ ಕಾಲದ ಫ್ಲಾಶ್ ಇದೆ, ಹಾಕಲಾ?

ಬೇಡ. ರೀಲ್ ಕಾಲದ ಕೆಲವು ಫ್ಲಾಶ್‌ಗಳು ಕ್ಯಾಮೆರಾದ ಹಾಟ್ ಶೂಗೆ ಇನ್ನೂರು ವೋಲ್ಟ್‌ಗಿಂತ ಜಾಸ್ತಿ ಕೊಡುತ್ತವೆ. ಡಿಜಿಟಲ್ ಬಾಡಿಯ ಸರ್ಕ್ಯೂಟ್ ಅದಕ್ಕೆ ಸುಟ್ಟುಹೋಗಬಹುದು. ಈಗಿನ ಸಾದಾ ಮ್ಯಾನುಯಲ್ ಫ್ಲಾಶ್ ಒಂದು ತಗೊಳ್ಳಿ. ಯಕ್ಷಗಾನಕ್ಕೆ ಮಾತ್ರ ಯಾವ ಫ್ಲಾಶೂ ಬೇಡ, ಕಲಾವಿದರ ಕಣ್ಣಿಗೆ ಹೊಡೆಯುತ್ತದೆ.

ಟ್ರೈಪಾಡ್, ಬ್ಯಾಗ್, ಫಿಲ್ಟರ್?

ಟ್ರೈಪಾಡ್ ಅಗ್ಗದ್ದು ಬೇಡ, ಗಟ್ಟಿ ಹಳೆಯದು ಹುಡುಕಿ. ಬ್ಯಾಗ್ ಕ್ಯಾಮೆರಾ ಬ್ಯಾಗಿನ ಹಾಗೆ ಕಾಣಬಾರದು, ಲೋಕಲ್‌ನಲ್ಲಿ ಎದೆಗೆ ಹಾಕಿಕೊಳ್ಳುವಂತಿರಲಿ. ಫಿಲ್ಟರ್ ಕೊಳ್ಳುವಾಗ ಲೆನ್ಸಿನ ಮುಚ್ಚಳದ ಹಿಂದೆ ಬರೆದ ಎಂಎಂ ಅಂಕಿ ನೋಡಿ. ಕ್ಯಾನನ್ 50 ಎಸ್‌ಟಿಎಂಗೆ 49, ನಿಕಾನ್ 35 ಎಂಎಂ ಎಫ್ 1.8ಜಿಗೆ 52. ಪೂರ್ತಿ ಕಿಟ್ ಅಂತ ಹೇಳಿ ಅಂಗಡಿಯವರು ಸೇರಿಸಿ ಕೊಡುವ ಪ್ಲಾಸ್ಟಿಕ್ ಫಿಲ್ಟರ್, ಸಣ್ಣ ಟ್ರೈಪಾಡ್, ಒರೆಸುವ ಬಟ್ಟೆ ಬೇಡ ಎಂದು ಅಷ್ಟು ಹಣ ಕಡಿಮೆ ಮಾಡಿಸಿ.

ವಿಡಿಯೊ ಬರುತ್ತದಾ?

ವಿಡಿಯೊ ಬಂದ ಮೊದಲ ಡಿಎಸ್‌ಎಲ್‌ಆರ್ 2008ರ ಡಿ90. ಬರುತ್ತದೆ ಅಷ್ಟೇ. 60ಡಿಯ ಕಾಲದ ಕ್ಯಾನನ್‌ಗಳಲ್ಲಿ ಫೈಲು 4 ಜಿಬಿ ಆದ ಕೂಡಲೇ, ಅಂದರೆ ಸುಮಾರು 12 ನಿಮಿಷಕ್ಕೆ, ತಾನೇ ನಿಂತುಬಿಡುತ್ತದೆ. ಪೂರ್ತಿ ಪ್ರಸಂಗ ರೆಕಾರ್ಡ್ ಮಾಡಲು ಇದು ಆಗುವುದಿಲ್ಲ. ವಿಡಿಯೊದಲ್ಲಿ ಫೋಕಸ್ ತಾನೇ ಹಿಡಿಯಬೇಕೆಂದರೆ 70ಡಿಯಿಂದ ಶುರು ಮಾಡಿ.

ಆನ್‌ಲೈನ್‌ನಲ್ಲಿ ಬಹಳ ಸಸ್ತಾ ಕಾಣುತ್ತದಲ್ಲ?

"ಮಿಲಿಟರಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಅಡ್ವಾನ್ಸ್ ಹಾಕಿ, ಕೊರಿಯರ್ ಮಾಡುತ್ತೇನೆ." ಈ ಮಾತು ಬಂದರೆ ಫೋನ್ ಇಡಿ. ಸ್ಟೇಷನ್ ಹತ್ತಿರದ ಯಾವುದಾದರೂ ಉಡುಪಿ ಹೋಟೆಲಿಗೆ ಕರೆಯಿರಿ, ಟೇಬಲ್ ಇರುತ್ತದೆ, ಬೆಳಕು ಇರುತ್ತದೆ, ಕಾಫಿ ಕುಡಿಯುತ್ತಾ ಅರ್ಧ ಗಂಟೆ ನೋಡಿ. ಬಿಲ್ಲಿನ, ಪೆಟ್ಟಿಗೆಯ, ಬಾಡಿಯ ತಳದ ಸೀರಿಯಲ್ ನಂಬರ್ ಮೂರೂ ಒಂದೇ ಇರಬೇಕು. ಹಣ ಕೊಡುವುದು ಕಡೆಗೆ.

ಮನೆಗೆ ತಂದ ಮೇಲೆ ಮಳೆಗಾಲದಲ್ಲಿ ಹೇಗೆ ಇಡಬೇಕು?

ಗಾಳಿಯ ತೇವ 40ರಿಂದ 50 ಶೇಕಡಾ ಇರಬೇಕು. ಡ್ರೈ ಕ್ಯಾಬಿನೆಟ್ ಕೊಳ್ಳಲು ಆದರೆ ಕೊಳ್ಳಿ. ಇಲ್ಲದಿದ್ದರೆ ಅಡುಗೆಮನೆಯ ದೊಡ್ಡ ಗಾಳಿಯಾಡದ ಡಬ್ಬಿ, ಒಂದು ಸಣ್ಣ ತೇವ ಅಳೆಯುವ ಮೀಟರ್, ಒಂದು ಹಿಡಿ ಸಿಲಿಕಾ ಜೆಲ್. ನನ್ನದು ಹಾಗೇ ಇದೆ. ನೀಲಿ ಕಾಳು ಗುಲಾಬಿಯಾದರೆ ಅದರ ಹೊಟ್ಟೆ ತುಂಬಿತು ಎಂದರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬೇಕು. ಅಡುಗೆಯ ಪಾತ್ರೆಯಲ್ಲಿ ಮಾತ್ರ ಹುರಿಯಬೇಡಿ, ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇರುತ್ತದೆ. ಕೆಲವರು ಅಕ್ಕಿ ಡಬ್ಬಿಯಲ್ಲಿ ಇಡುತ್ತಾರೆ. ಅಕ್ಕಿ ಹಿಟ್ಟಿನ ಧೂಳು ಲೆನ್ಸಿನ ಜಾಯಿಂಟಿಗೆ ಹೋಗುತ್ತದೆ, ಬೇಡ. ಚರ್ಮದ ಕವರಿನಲ್ಲಿ ಇಟ್ಟರೆ ಫಂಗಸ್‌ಗೆ ಹಾಸಿಗೆ ಹಾಕಿಕೊಟ್ಟ ಹಾಗೆ.

ಎಸಿ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಕ್ಯಾಮೆರಾ ತೆಗೆಯಬೇಡಿ. ಗಾಜಿನ ಮೇಲೆ ಹನಿ ಕಟ್ಟುತ್ತದೆ. ಬ್ಯಾಗಿನಲ್ಲೇ ಇಪ್ಪತ್ತು ನಿಮಿಷ ಇರಲಿ.

ಸೆನ್ಸರ್ ಮೇಲಿನ ಧೂಳು ನಾನೇ ತೆಗೆಯಬಹುದಾ?

ರಬ್ಬರ್ ಬ್ಲೋವರ್‌ನಿಂದ ಊದಬಹುದು. ಮೆನುವಿನಲ್ಲಿ ಕನ್ನಡಿ ಮೇಲೆತ್ತುವ ಆಯ್ಕೆ ಇದೆ. ಅದನ್ನು ಒತ್ತಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿದು ಊದಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಬಾಯಿಂದ ಊದಬೇಡಿ, ಎಂಜಲು ಹನಿ ಬೀಳುತ್ತದೆ, ನಾನು ಬೀಳಿಸಿದ್ದೇನೆ. ಬ್ಲೋವರಿಗೆ ಹೋಗದ ಚುಕ್ಕೆ ಇದ್ದರೆ ಬೋರಾ ಬಜಾರಿನ ರಿಪೇರಿಯವರ ಹತ್ತಿರ ಕೂತು, ಕಣ್ಣೆದುರೇ ಮಾಡಿಸಿಕೊಂಡು ಬನ್ನಿ.

ಎರಡು ವರ್ಷ ಬಿಟ್ಟು ಮಾರಿದರೆ ಹಣ ಬರುತ್ತದಾ?

ಬಾಡಿಗೆ ಕಡಿಮೆ, ಲೆನ್ಸಿಗೆ ಹೆಚ್ಚು ಕಡಿಮೆ ಕೊಟ್ಟಷ್ಟೇ. ನನ್ನ 50 ಎಂಎಂ ಅನ್ನು ಐದು ವರ್ಷ ಬಳಸಿ, ಐನೂರು ರೂಪಾಯಿ ಕಡಿಮೆಗೆ ಕಲ್ಯಾಣದ ಒಬ್ಬ ಹುಡುಗನಿಗೆ ಮಾರಿದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೆ: ಐದು ಮಳೆಗಾಲ, ಎಲ್ಲವೂ ಡಬ್ಬಿಯಲ್ಲಿ. ಹುಡುಗ ಅದನ್ನು ಓದಿ ನಕ್ಕ. ಆದರೂ ಜೇಬಿನಿಂದ ಟಾರ್ಚ್ ತೆಗೆದ.